ಐದನೆಯ ಗಾಜು

ಕೋರ್ಟಿನಲ್ಲಿ ಗೋಡೆ ಬಿರುಕು ಬಿಟ್ಟರೂ ಸಾಕ್ಷಿ ಬೇಕು. ಆ ಸಾಕ್ಷಿ ಒಂದು ಗಾಜಿನ ಪಟ್ಟಿ. ಅದನ್ನು ಬಿರುಕಿಗೆ ಅಡ್ಡಲಾಗಿಟ್ಟು, ಎರಡೂ ತುದಿಗೆ ಗಾರೆ ಮೆತ್ತಿ, ಪಕ್ಕದಲ್ಲಿ ತಾರೀಖು ಬರೆಯುತ್ತಾರೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಚಟ್ಟೆಂದು ಒಡೆಯುತ್ತದೆ.

ವಿಕ್ಟೋರಿಯಾ ರಾಣಿಯ ಕಾಲದ ಆ ಕೋರ್ಟು ಕಟ್ಟಡವನ್ನು ಇಪ್ಪತ್ತೆಂಟು ವರ್ಷ ಕಾಪಾಡಿಕೊಂಡು ಬಂದವನು ಗಾರೆ ಮೇಸ್ತ್ರಿ. ಚೂಪು ಕಮಾನುಗಳು, ಎರಡಾಳೆತ್ತರದ ಕಿಟಕಿಗಳು, ನೆಲಮಾಳಿಗೆಯಿಂದ ನೇರ ಕಟಕಟೆಗೆ ಹತ್ತಿ ಬರುವ ಸುರುಳಿ ಮೆಟ್ಟಿಲು, ಎಲ್ಲದರ ಮೇಲೆ ಗಡಿಯಾರದ ಗೋಪುರ. "ಇವರ ಮೊದಲನೇ ಹೆಂಡ್ತಿ ಕೋರ್ಟಲ್ಲಿದ್ದಾಳೆ, ನಾನು ಎರಡನೆಯವಳು" ಎಂದು ಅವನ ಹೆಂಡತಿ ಬದುಕಿರುವಷ್ಟು ದಿನ ಹಂಗಿಸುತ್ತಿದ್ದಳು.

ಗೋಪುರದ ಬುಡದಲ್ಲಿ, ದಾಖಲೆ ಕೋಣೆಯ ಗೋಡೆಯಲ್ಲಿ ಬಿರುಕು ಕಂಡಾಗ ಎಂಜಿನಿಯರು ಗಾಜು ಹಾಕಿಸಿದ. ಒಡೆದರೆ ಕಟ್ಟಡ ಕೆಡವುವುದೇ ಸರಿ ಎಂದಿದ್ದ. ಆ ವರ್ಷವೇ ಒಡೆಯಿತು. ಮೇಸ್ತ್ರಿ ಅದನ್ನು ಯಾರಿಗೂ ಹೇಳಲಿಲ್ಲ. ಬಿರುಕಿಗೆ ಗಾರೆ ತುಂಬಿ, ಮೊದಲಿನಷ್ಟೇ ಸಣ್ಣ ಗೆರೆ ಉಳಿಸಿ, ಹೊಸ ಗಾಜು ಕೂರಿಸಿ, ಹಳೇ ತಾರೀಖನ್ನೇ ಬರೆದ. ತಪಾಸಣೆ ಪುಸ್ತಕದಲ್ಲಿ 'ಗಾಜು ಸುಸ್ಥಿತಿಯಲ್ಲಿದೆ' ಎಂದು ರುಜು ಹಾಕಿದ. ಮೂರು ವರ್ಷದಲ್ಲಿ ಹೀಗೆ ನಾಲ್ಕು ಗಾಜು ಒಡೆದವು. ಇಂಥ ಕುರುಡು ಮೋಹಕ್ಕೆ ಏನು ಹೇಳೋಣ!

ಅಷ್ಟರಲ್ಲಿ ಅವನ ಒಬ್ಬಳೇ ಮಗಳಿಗೆ ಅದೇ ಕೋರ್ಟಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಕುರ್ಚಿ ಹಾಕಿಕೊಟ್ಟದ್ದು ದಾಖಲೆ ಕೋಣೆಯಲ್ಲಿ. ಅಲ್ಲಿಯವರೆಗೂ ಗುಮಾಸ್ತರು, ಕಕ್ಷಿದಾರರು, ಕೈಕೋಳದವರು ಆ ಗೋಪುರದ ಕೆಳಗೇ ಓಡಾಡಿದ್ದರು. ಅವರೂ ಯಾರದೋ ಮಕ್ಕಳು ಎಂಬುದು ಮೇಸ್ತ್ರಿಗೆ ಹೊಳೆದಿರಲಿಲ್ಲ. ಈಗ ಹೊಳೆಯಿತು.

ಎರಡೇ ದಿನದಲ್ಲಿ ಎಂಜಿನಿಯರನ ಮುಂದೆ ಹೋಗಿ ನಿಂತ. "ಸಾರ್, ಗೋಪುರ ಸರೀತಿದೆ. ನಾಲ್ಕು ಗಾಜು ಒಡೆದ್ವು. ನಾನೇ ಬದಲಾಯಿಸಿ ಮುಚ್ಚಿಟ್ಟೆ."

ಎಂಜಿನಿಯರು ಪುಸ್ತಕ ತಿರುವಿ ಹಾಕಿದ. "ಮೂರು ವರ್ಷದಿಂದ ಸುಸ್ಥಿತಿ ಅಂತ ನೀವೇ ಬರ್ದಿದ್ದೀರಲ್ಲ ಮೇಸ್ತ್ರಿ! ಹೋದ ವಾರ ನಾನೇ ನೋಡ್ದೆ, ಗಾಜು ಗಟ್ಟಿಯಾಗಿದೆ."

"ಆ ಗಾಜಿಗೆ ಇನ್ನೂ ಹದಿನೈದು ದಿನ ಆಗಿಲ್ಲ ಸಾರ್." ಮೇಸ್ತ್ರಿ ಒಡೆದ ಚೂರುಗಳನ್ನು ಮೇಜಿನ ಮೇಲೆ ಸುರಿದ.

"ಗಾಜು ಒಡೆಯೋಕೆ ಗೋಪುರವೇ ಬೇಕೇನ್ರಿ? ಸುತ್ತಿಗೆ ಸಾಲದಾ?" ಎಂಜಿನಿಯರು ನಕ್ಕ. "ಮಗಳಿಗೆ ಆ ಧೂಳಿನ ಕೋಣೆ ಬೇಡ ಅಂದ್ರೆ ನೇರವಾಗಿ ಕೇಳಿ. ಕತೆ ಕಟ್ಟಬೇಡಿ. ಈಗಿರೋ ಗಾಜು ಒಡೆದಾಗ ಬನ್ನಿ, ನೋಡೋಣ."

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ತಾನೊಬ್ಬನೇ ಉಣ್ಣುವುದಾಗಿದ್ದರೆ ಅವನು ತುಟಿ ಪಿಟಿಕ್ಕೆನ್ನುತ್ತಿರಲಿಲ್ಲ.

ದಾಖಲೆ ಕೋಣೆಯಲ್ಲಿ ಮಗಳು ಬಿರುಕಿನ ಗೋಡೆಗೇ ಬೆನ್ನು ಕೊಟ್ಟು ಟೈಪ್ ಮಾಡುತ್ತಿದ್ದಳು.

"ಏಳಮ್ಮ, ಮನೆಗೆ ಹೋಗೋಣ. ಈ ಗೋಡೆ ನಂಬೋ ಹಾಗಿಲ್ಲ."

"ನಿಂಗೇನಾಗಿದೆ ಅಪ್ಪಾ? ನೀನು ನೋಡ್ಕೊಳ್ಳೋ ಗೋಡೆ ಅಂತಾನೇ ನಾನು ಈ ಕೋಣೆ ಕೇಳಿ ತಗೊಂಡಿದ್ದು" ಎಂದು ನಕ್ಕು, ಅವಳು ಮತ್ತೆ ಕೀಲಿಗಳ ಮೇಲೆ ಬೆರಳಿಟ್ಟಳು.

ಮೇಸ್ತ್ರಿ ಸ್ಟೂಲು ಎಳೆದು ಗೋಡೆಯೆದುರು ಕುಳಿತ. ಮೂರು ವರ್ಷ ಗಾಜು ಒಡೆಯದಿರಲಿ ಎಂದು ಹರಕೆ ಹೊತ್ತವನು, ಗೋಡೆಗಿಂತ ಮೊದಲು ಅದೇ ಒಡೆಯಲಪ್ಪಾ ಎಂದು ಈಗ ಬೇಡಿಕೊಳ್ಳತೊಡಗಿದ.