ಮೂರನೇ ಮಹಡಿಯಿಂದ ಬೀದರ್‌ಗೆ

ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಮ್ಮ ಮನೆ ಓನರ್ ವೆಂಕಟಸ್ವಾಮಿಯವರು ತಾರಸಿಯ ಮೇಲೆ ಇರುತ್ತಾರೆ, ಆದರೆ ಊರಿನಲ್ಲಿ ಇರುವುದಿಲ್ಲ. ಯಾರಾದರೂ ಬಂದು ಕೇಳಿದರೆ ಅವರ ಹೆಂಡತಿ ಪಿಳ್ಳಮ್ಮ, "ಸೇಲಂಗೆ ಹೋಗವ್ರೆ, ಸಂಜೆ ಬನ್ನಿ" ಎಂದು ಬಾಗಿಲಲ್ಲೇ ಹೇಳಿ ಕಳಿಸುತ್ತಾರೆ. ಮೇಲಿನಿಂದ ಅದೇ ಹೊತ್ತಿಗೆ ವೆಂಕಟಸ್ವಾಮಿಯವರ ಕೆಮ್ಮು ಕೇಳಿಸುತ್ತದೆ. ಮರ್ಫಿ ಟೌನಿನಲ್ಲಿ ಅದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ತಾರಸಿಯಲ್ಲಿ ಹವ್ಯಾಸಿ ವೈಮಾನಿಕರ ಸಂಘದ ವಿಮಾನವಿದೆ. ಶಿವಾಜಿನಗರದ ಗುಜರಿಯಿಂದ ತಂದ ವ್ಯಾನಿನ ಎರಡು ಸೀಟು, ಒಂದು ಸ್ಟೇರಿಂಗು, ಮುಂದೆ ಪ್ರೊಪೆಲ್ಲರಿನ ಜಾಗದಲ್ಲಿ ಟೇಬಲ್ ಫ್ಯಾನು. ಸೀಟುಗಳ ಹಿಂದೆ ಇಂಧನದ ಟ್ಯಾಂಕು, ಅಂದರೆ ಇಪ್ಪತ್ತು ಲೀಟರಿನ ಕುಡಿಯುವ ನೀರಿನ ಕ್ಯಾನು. ಹಾರಾಟ ಶುರುವಾದಾಗ ಅದರ ನಲ್ಲಿಯನ್ನು ನೂಲಿನಷ್ಟು ಸಣ್ಣಗೆ ತಿರುಗಿಸಿ ಕೆಳಗೆ ಬಕೆಟ್ ಇಡುತ್ತಾರೆ. ಕ್ಯಾನು ತುಂಬಿದ್ದರೆ ನಾಲ್ಕು ಗಂಟೆ ಹಾರಬಹುದು. ನೀರು ನಿಂತರೆ ಇಂಜಿನ್ ನಿಂತಂತೆ.

ಸಂಘದ ನಿಯಮಗಳು ಬಿಗಿ. ದೂರ ನಕಾಶೆಯದು, ಸಮಯ ಗಡಿಯಾರದ್ದು. ಮೈಸೂರಿನ ಮಂಡಕಳ್ಳಿಗೆ ಮುಕ್ಕಾಲು ಗಂಟೆ, ಪುದುಚೇರಿಗೆ ಒಂದೂವರೆ, ಬೀದರ್‌ಗೆ ಮೂರು. ಅಷ್ಟು ಹೊತ್ತೂ ಸೀಟಿನಿಂದ ಏಳುವಂತಿಲ್ಲ. ಇಳಿದ ಮೇಲೆ ಆ ಊರಿನ ತಿಂಡಿ ತಿನ್ನಬೇಕು, ಹೋಗುವುದೇ ಅದಕ್ಕೆ. ತಿಂದ ಮೇಲೆ ಎಲ್ಲರಿಗೂ ನಿದ್ದೆ ಬರುವುದರಿಂದ, ವಾಪಸು ಬಸ್ಸಿನಲ್ಲಿ ಬಂದರು ಎಂದುಕೊಳ್ಳುವುದು ರೂಢಿ.

ಪ್ರತಿ ಯುಗಾದಿಗೆ ನೆಚ್ಚಿನ ಸಣ್ಣ ನಿಲ್ದಾಣ ಯಾವುದೆಂದು ಮತ ಹಾಕುತ್ತಾರೆ. ಟವರ್ ನೋಡಿಕೊಳ್ಳುವ ದತ್ತು ಅವರದು ಯಾವಾಗಲೂ ಮಂಡಕಳ್ಳಿ, ಬೇಗ ಮುಗಿಯುತ್ತದೆಂದು. ದಾರಿ ಹೇಳುವ ಸುಗತ ಅವರದು ಪುದುಚೇರಿ. ಇಳಿಯುವಾಗ ಸಮುದ್ರ ಕಾಣುತ್ತದಂತೆ. ಅವರ ಸೀಟಿನಿಂದ ಕಾಣುವುದು ಪಕ್ಕದ ಮನೆಯ ನೀಲಿ ಟಾರ್ಪಾಲು. ಆದರೆ ಐದು ವರ್ಷದಿಂದ ಗೆಲ್ಲುತ್ತಿರುವುದು ಬೀದರ್, ಯಾಕೆಂದರೆ ಬೀದರಿನ ತಿಂಡಿ ಮಾಡುವವಳು ನನ್ನ ಅವ್ವ ಜಟ್ಟೆಮ್ಮ. ಕೆಳಗಿನ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಅವಳು ಬಡಿಯುವ ಜೋಳದ ರೊಟ್ಟಿಗೂ ಪುಂಡಿಪಲ್ಯಕ್ಕೂ ಮೂರು ಗಂಟೆ ಕೂರಬಹುದು ಎಂದು ಸಂಘ ನಿರ್ಣಯಿಸಿದೆ. ನಾವು ಬೀದರಿನವರಲ್ಲ, ಜೇವರ್ಗಿ ಕಡೆಯವರು. ಅದನ್ನು ಹೇಳಬೇಕೆಂದು ನಾನು ಐದು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ.

ನಾನು ಸಂಘದ ದಾಖಲೆ ಬರೆಯುವವಳು, ಸೌಂದರ್ಯಾ. ಬಿ.ಎ. ಮುಗಿದು ಎರಡು ವರ್ಷವಾಯಿತು. ಅಕ್ಷರ ದುಂಡಗಿದೆ, ಮಾತು ಬರುವುದಿಲ್ಲ. ಬರುವುದಿಲ್ಲವೆಂದರೆ ಒಳಗೆ ಬೇಕಾದಷ್ಟು ಇರುತ್ತದೆ, ಗಂಟಲಿಗೆ ಬಂದು ಕೂತುಬಿಡುತ್ತದೆ. ಬಸ್ಸಿನ ಬಾಗಿಲಲ್ಲಿ ನಿಂತವರಿಗೆ "ಸ್ವಲ್ಪ ಜಾಗ ಬಿಡಿ" ಎನ್ನಲಾಗದೆ, ಹಲಸೂರಿನಲ್ಲಿ ಇಳಿಯಬೇಕಾದವಳು ಕೆ.ಆರ್. ಪುರದವರೆಗೆ ಹೋಗಿಬಂದಿದ್ದೇನೆ.

ಸಂಘದಲ್ಲಿ ನಾನು ಧೈರ್ಯವಾಗಿ ಮಾತಾಡುತ್ತಿದ್ದುದು ಒಬ್ಬರ ಜೊತೆ ಮಾತ್ರ. ಅವರು ತೀರಿಕೊಂಡವರು. ಪುಲಿಕೇಶಿನಗರದ ಅಕ್ತರ್ ಸಾಹೇಬರು ಏಳು ವರ್ಷದ ಹಿಂದೆ ಹೊಸೂರಿಗೆ ಹಾರುವಾಗ ನಾಲ್ಕು ಸಾವಿರ ಅಡಿ ಎತ್ತರದಲ್ಲಿ ಬಾತ್‌ರೂಮಿಗೆ ಎದ್ದುಹೋದರು. ಕೆಳಗೆ ಬಿದ್ದು ಸತ್ತರೆಂದು ಅಂದೇ ದಾಖಲಾಯಿತು. ಮೆಟ್ಟಿಲ ಗೋಡೆಯ ಮೇಲೆ ಅವರ ಫೋಟೋ ಇದೆ, ಹಾರ ಒಣಗಿದರೆ ಅವರೇ ಬದಲಿಸುತ್ತಾರೆ. ಪ್ರತಿ ಭಾನುವಾರ ಸ್ಕೂಟರಿನಲ್ಲಿ ಮಾಸ್ಕ್ ರೋಡಿನ ಸಮೋಸ ತಂದು ಮೆಟ್ಟಿಲ ಮೇಲೆ ಕೂರುತ್ತಾರೆ. ಸದಸ್ಯರು ಅವರ ಕಡೆ ನೋಡುವುದಿಲ್ಲ, ಮಾತಾಡುವುದಿಲ್ಲ. ಸಮೋಸ ತಿನ್ನುತ್ತಾರೆ. ಸತ್ತವರು ಮತ್ತೆ ಸೀಟು ಹತ್ತುವಂತಿಲ್ಲ, ಇದು ಮೊದಲನೇ ನಿಯಮ. ಬರೆದವರು ಅಕ್ತರ್ ಸಾಹೇಬರೇ.

ಕಳೆದ ಭಾನುವಾರ ಬೀದರ್ ಇತ್ತು. ಬೆಳಿಗ್ಗೆಯೇ ಅವ್ವ ಕೇಳಿದಳು, "ಮ್ಯಾಲಿನ ಮುತ್ಯಾಗೋಳು ಇವತ್ತ ಖರೇನೇ ಹೊಂಟಾರೇನು? ಹಿಟ್ಟು ನಾದ್ಲೇನು?"

ಎಂಟಕ್ಕೆ ದತ್ತು ಅವರು ಇಸ್ತ್ರಿ ಷರಟಿನಲ್ಲಿ ಬಂದು ವಾಕಿಟಾಕಿಯನ್ನು ನನ್ನ ಕೈಗೆ ಇಟ್ಟರು. "ಮೊಮ್ಮಗೂದು ನಾಮಕರಣ ಕಣಮ್ಮ, ಹೊಸಕೋಟೇಲಿ. ಇವತ್ತು ಟವರ್ ನೀನೇ. ಬರೀ ಮೂರು ಮಾತು. ಏರಿ, ಹೋಗಿ, ಇಳೀರಿ. ಅಷ್ಟೇ."

ನಾನು ತಲೆಯಾಡಿಸಿದೆ. ಬೇಡ ಎನ್ನಲು ಒಂದು ಮಾತು ಬೇಕಿತ್ತು.

ಹಾರುವ ಮುನ್ನ ಪರೀಕ್ಷೆಯ ಪಟ್ಟಿ ತುಂಬುವುದು ನನ್ನ ಕೆಲಸ. ಫ್ಯಾನು ಸರಿ, ಸ್ಟೇರಿಂಗು ಸರಿ, ನಕಾಶೆ ಸರಿ. ಇಂಧನದ ಮುಂದೆ ಸುಗತ ಅವರ ದೊಡ್ಡ ಚೀಲ ಕೂತಿತ್ತು. "ಸರ್, ಚೀಲ ಸ್ವಲ್ಪ ಸರಿಸ್ತೀರಾ" ಎಂದರೆ ಮುಗಿಯುತ್ತಿತ್ತು. ಅವರು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಳ್ಳುತ್ತಿದ್ದರು. ನಾನು ಎರಡು ಸಲ ಬಾಯಿ ತೆರೆದೆ, ಆಮೇಲೆ 'ಇಂಧನ: ಪೂರ್ತಿ' ಎಂದು ದುಂಡಗೆ ಬರೆದು ನೀರಿನ ಟ್ಯಾಂಕಿನ ಕಬ್ಬಿಣದ ಏಣಿ ಹತ್ತಿ ಟವರಿನಲ್ಲಿ ಕೂತೆ. ಟವರಿಗೂ ವಿಮಾನಕ್ಕೂ ಹನ್ನೆರಡು ಅಡಿ. ಆದರೂ ಆಕಾಶದಲ್ಲಿ ಇರುವವರಿಗೆ ನೆಲದ ಮಾತು ಕೇಳಿಸುವುದು ವಾಕಿಟಾಕಿಯಿಂದ ಮಾತ್ರ.

"ಟವರ್, ಏರ್ಲಾ?" ವೆಂಕಟಸ್ವಾಮಿಯವರು ಕೇಳಿದರು.

ನಾನು ಹಸಿರು ದುಪಟ್ಟಾ ಬೀಸಿದೆ. ಅವರು ಏರಿದರು.

"ಟವರ್, ಬೀದರ್ ಕಡೆ ಹೋಗ್ಲಾ?"

ಗುಂಡಿ ಒತ್ತಿದೆ. ನಾಲಿಗೆ ಅಂಗುಳಿಗೆ ಅಂಟಿತ್ತು. ಗುಂಡಿ ಬಿಟ್ಟೆ. ಕರ್ ಎಂದಿತು.

"ರೋಜರ್!" ಎಂದರು ಅವರು. ಒಂಬತ್ತು ಹನ್ನೆರಡು. ನಾನು ಬರೆದುಕೊಂಡೆ.

ಒಂದು ಗಂಟೆ ಚೆನ್ನಾಗಿ ಹಾರಿದರು. ಹತ್ತು ಇಪ್ಪತ್ತಕ್ಕೆ ಸುಗತ ಅವರು ಕನ್ನಡಕಕ್ಕಾಗಿ ಚೀಲವನ್ನು ಎಳೆದುಕೊಂಡರು. ಕ್ಯಾನು ಕಾಣಿಸಿತು. ತಳದಲ್ಲಿ ನಾಲ್ಕು ಬೆರಳಷ್ಟು ನೀರು.

ಅಷ್ಟರಲ್ಲಿ ಬಟ್ಟೆ ಒಣಹಾಕಲು ಪಿಳ್ಳಮ್ಮ ಬಂದರು. ನಾನು ಕ್ಯಾನಿನ ಕಡೆ ಕೈ ತೋರಿಸಿದೆ. "ಓ ಅದಾ? ಬೆಳಿಗ್ಗೆ ಒಂದು ಬಿಂದಿಗೆ ನಾನೇ ಹಿಡ್ಕೊಂಡೆ. ಸಾರಿಗೆ, ಅನ್ನಕ್ಕೆ. ಯಾಕೆ, ಇವ್ರು ನೋಡ್ಲಿಲ್ವಾ?" ಎಂದು ಬಟ್ಟೆ ಕೊಡವಿದರು.

ಇವರು ನೋಡಲಿಲ್ಲ. ನೋಡಬೇಕಾದವಳು ನಾನು.

ಏಣಿ ಇಳಿದು ಮೆಟ್ಟಿಲಿಗೆ ಓಡಿದೆ. ಅಕ್ತರ್ ಸಾಹೇಬರು ತಮ್ಮ ಫೋಟೋದ ಕೆಳಗೆ ಸಮೋಸದ ಪೊಟ್ಟಣ ಬಿಚ್ಚುತ್ತಿದ್ದರು.

"ಸಾಹೇಬ್ರೆ, ಇಂಧನ ಇಲ್ಲ. ಇನ್ನು ಅರ್ಧ ಗಂಟೆಗೂ ಬರಲ್ಲ."

"ಯಾ ಅಲ್ಲಾ. ಈಗ ಎಲ್ಲಿದ್ದಾರೆ?"

"ಚಳ್ಳಕೆರೆ ಮೇಲೆ ಇರ್ಬೇಕು."

"ಬಳ್ಳಾರಿ ಸಿಗಲ್ಲ. ವಾಪಸ್ಸೂ ಆಗಲ್ಲ." ಪೊಟ್ಟಣ ಕೆಳಗಿಟ್ಟರು. "ಬೇಟಾ, ನಾನು ಹೋಗಿದ್ದು ನನ್ ತಪ್ಪಿಂದ. ಆದ್ರೆ ವೆಂಕಟಸ್ವಾಮಿ ಮೂವತ್ನಾಲ್ಕು ವರ್ಷ ಫ್ಯಾಕ್ಟ್ರೀಲಿ ವಿಮಾನದ ರೆಕ್ಕೆಗೆ ರಿವೆಟ್ ಹೊಡ್ದೋನು. ಒಂದ್ ದಿನ ಒಳಗೆ ಕೂತಿಲ್ಲ. ಅವ್ನಿಗೆ ಈ ಸೀಟ್ ಒಂದೇ. ಅದೂ ಹೋದ್ರೆ ಇಲ್ಲಿ ನನ್ ಪಕ್ಕ ಬಂದ್ ಕೂತ್ಕೋಬೇಕು, ಮೆಟ್ಲ ಮೇಲೆ. ನಾವಿಬ್ರೂ ಮಾತಾಡೋದಾದ್ರೂ ಏನು?"

"ನೀವೇ ಟವರ್‌ಗೆ ಬಂದು ಹೇಳಿ."

"ನಾನು ಸತ್ತಿದ್ದೀನಮ್ಮ. ನನ್ ಮಾತು ನಡೆಯಲ್ಲ." ಸ್ವಲ್ಪ ಯೋಚಿಸಿದರು. "ಒಂದ್ ಹೇಳು. ಬೆಳಿಗ್ಗೆ ನೀನು 'ಹೋಗಿ' ಅಂದ್ಯಾ?"

"ಇಲ್ಲ. ಗುಂಡಿ ಒತ್ತಿ ಬಿಟ್ಟೆ."

"ಬಾಯಿಂದ ಅಂದಿಲ್ಲ?"

"ಅಂದಿಲ್ಲ."

ಅಕ್ತರ್ ಸಾಹೇಬರು ಎದ್ದು ನಿಂತರು. "ಹನ್ನೊಂದನೇ ನಿಯಮ! ಟವರ್ ಬಾಯಿಬಿಟ್ಟು 'ಹೋಗಿ' ಅನ್ನೋವರ್ಗೂ ವಿಮಾನ ಹೊರಟ ಜಾಗದ ಮೇಲೇ ಸುತ್ತುತಾ ಇರ್ಬೇಕು. ಅರೆ ಪಗ್ಲಿ, ಅವ್ರು ಎಲ್ಲೂ ಹೋಗಿಲ್ಲ! ಒಂದ್ ಗಂಟೆಯಿಂದ ಮರ್ಫಿ ಟೌನ್ ಮೇಲೆ ಗಿರ್ಕಿ ಹೊಡೀತಾ ಇದ್ದಾರೆ. ಓಡು, ಇಳಿಸು!"

"ಇಲ್ಲಿ? ಇಲ್ಲಿ ಯಾರೂ ಯಾವತ್ತೂ ಇಳಿದಿಲ್ಲವಲ್ಲ."

"ಯಾರೂ ಕೇಳಿಲ್ಲ, ಅದಕ್ಕೆ. ಓಡು!"

ಏಣಿ ಹತ್ತಿದೆ. ಕ್ಯಾನಿನಲ್ಲಿ ಎರಡು ಬೆರಳು. ಗುಂಡಿ ಒತ್ತಿದೆ. 'ಮಾನ್ಯ ವೈಮಾನಿಕರೇ' ಎಂದು ಶುರುಮಾಡಬೇಕೆಂದು ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ. ಮನೆಯ ಹೊರಗೆ ನಾನು ಎಂದೂ ಆಡದ ಮಾತು, ಅದೂ ಅವ್ವನ ದನಿಯಲ್ಲಿ.

"ಇಳೀರಿ! ಲಗೂನ ಇಳೀರಿ! ಎಣ್ಣಿ ಮುಗೀಲಾಕತ್ತದ!"

ವೆಂಕಟಸ್ವಾಮಿಯವರು ಖುಷಿಯಿಂದ ಸ್ಟೇರಿಂಗು ಗುದ್ದಿದರು. "ಸುಗತ, ಬೀದರ್ ಬಂತು ಕಣೋ! ಭಾಷೆ ನೋಡು!"

"ಒಂದ್ ಗಂಟೇಲಿ ಬೀದರ್ ಹೆಂಗ್ ಬರುತ್ತೆ ಗುರು? ನಾವೇನ್ ರಾಕೆಟ್ಟಾ?"

"ಗಾಳಿ ಹಿಂದ್ಗಡೆಯಿಂದ ಇತ್ತೇನೋ. ಟವರ್, ಬೀದರಾ ಇದು?"

ಹೌದು ಎಂದರೆ ಸಾಕಿತ್ತು. ರೊಟ್ಟಿ ಕೂಡ ತಯಾರಾಗಿತ್ತು. ಮೆಟ್ಟಿಲ ಬಾಗಿಲಲ್ಲಿ ಅಕ್ತರ್ ಸಾಹೇಬರು ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದರು. ಹೌದು ಎಂದರೆ ಸುಗತ ಅವರು ನಕಾಶೆ ತೆಗೆದು ಗುಣಾಕಾರ ಮಾಡುತ್ತಾರೆ, ಅದು ಮುಗಿಯುವುದರೊಳಗೆ ನೀರು ನಿಲ್ಲುತ್ತದೆ.

"ಅಲ್ಲ ಸರ್. ಇದು ಮರ್ಫಿ ಟೌನ್. ನಾನು 'ಹೋಗಿ' ಅನ್ನಲಿಲ್ಲ. ಇಂಧನಾನೂ ನೋಡಲಿಲ್ಲ, ಚೀಲ ಅಡ್ಡ ಇತ್ತು. ನೀವು ಇಲ್ಲೇ ಸುತ್ತುತ್ತಾ ಇದ್ದೀರ. ದಯವಿಟ್ಟು ಇಳೀರಿ ಸರ್."

ಸುಗತ ಅವರು ಚೀಲವನ್ನು ನೋಡಿದರು. ವೆಂಕಟಸ್ವಾಮಿಯವರು ಕ್ಯಾನನ್ನು ನೋಡಿದರು. ಆಮೇಲೆ ಇಬ್ಬರೂ ಬೈಯಲು ಸಮಯವಿಲ್ಲದವರಂತೆ ಮುಂದಕ್ಕೆ ಬಾಗಿದರು. ವಿಮಾನ ಬಲಕ್ಕೆ ವಾಲಿತು, ಅಂದರೆ ಅವರು ವಾಲಿದರು. ಚರ್ಚಿನ ಶಿಲುಬೆ ಎಡಕ್ಕೆ ಬಿಟ್ಟು, ಪಕ್ಕದ ಮನೆಯ ಕೇಬಲ್ ವೈರ್ ತಪ್ಪಿಸಿ, ಒಣಹಾಕಿದ್ದ ಸೀರೆಯ ಕೆಳಗೆ ನುಗ್ಗಿದರು. ಸೀಟುಗಳು ಒಮ್ಮೆ ಜಿಗಿದವು. ವೆಂಕಟಸ್ವಾಮಿಯವರು ಫ್ಯಾನಿನ ಸ್ವಿಚ್ ಆರಿಸಿದರು. ಕ್ಯಾನಿನಿಂದ ಎರಡು ಹನಿ ಬಿದ್ದು ನೀರು ನಿಂತಿತು.

ಹತ್ತು ನಲವತ್ತೊಂದು. ಬರೆದುಕೊಂಡೆ.

ಇಬ್ಬರೂ ಇಳಿದು, ಕಾಲು ಜಾಡಿಸಿ, ಸುತ್ತ ನೋಡಿದರು. ಹೊಸ ಊರಿಗೆ ಬಂದಾಗ ನೋಡುವ ಹಾಗೆಯೇ ನೋಡಿದರು.

"ಸಣ್ಣ ಊರು," ಎಂದರು ವೆಂಕಟಸ್ವಾಮಿ. "ಗಾಳಿ ಪರ್ವಾಗಿಲ್ಲ. ಇಲ್ಲಿ ನೋಡೋಕೇನಿದೆ ಮೇಡಂ?"

ಆ ಮೇಡಂ ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತಾಯಿತು. "ಹಲಸೂರು ಕೆರೆ ಇದೆ ಸರ್. ಮಾರ್ಕೆಟ್ ಇದೆ."

"ಇಂಧನ ಯಾವಾಗ ಬರುತ್ತೆ?"

ನೀರಿನ ಕ್ಯಾನಿನವನು ಬರುವುದು ಬುಧವಾರ. ಹಾಗೆಂದೆ.

"ಮೂರ್ ದಿನ!" ಸುಗತ ಅವರು ಚೀಲ ಹೆಗಲಿಗೆ ಹಾಕಿಕೊಂಡರು. "ನಂಗೆ ತೊಂದ್ರೆಯಿಲ್ಲ ಗುರು. ಈ ಊರಲ್ಲಿ ನನ್ ಮಗ ಇದ್ದಾನೆ, ಅವ್ನ ಮನೇಲಿ ಉಳ್ಕೋತೀನಿ."

ವೆಂಕಟಸ್ವಾಮಿಯವರಿಗೆ ಊರಿನಲ್ಲಿ ಯಾರೂ ಇರಲಿಲ್ಲ. ಟೋಪಿಯನ್ನೂ ವಾಕಿಟಾಕಿಯನ್ನೂ ಕೈಯಲ್ಲಿ ಹಿಡಿದು ನಿಧಾನವಾಗಿ ಮೆಟ್ಟಿಲಿಳಿದು ತಮ್ಮದೇ ಬಾಗಿಲ ಮುಂದೆ ನಿಂತು ಬೆಲ್ ಒತ್ತಿದರು. ನಾನು ಹಿಂದೆಯೇ ಇದ್ದೆ.

ಪಿಳ್ಳಮ್ಮ ಬಾಗಿಲು ತೆರೆದು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಷ್ಟು ವರ್ಷಗಳ ಭಾನುವಾರದ ಅಭ್ಯಾಸ ನಾಲಿಗೆಗೆ ಬಂತೋ ಏನೋ, "ಯಜಮಾನ್ರು ಊರಲ್ಲಿಲ್ಲ. ಬೀದರ್‌ಗೆ ಹೋಗವ್ರೆ," ಎಂದರು.

"ಗೊತ್ತು ತಾಯಿ. ನಾನೂ ಆ ಕಡೇಗೇ ಹೊರಟಿದ್ದೆ. ಇಂಧನ ಮುಗೀತು. ಬುಧವಾರದವರ್ಗೂ ಹಾಲ್‌ನಲ್ಲಿ ಮಲಗೋಕೆ ಜಾಗ ಕೊಟ್ರೆ..."

"ತರಕಾರಿ ತಿಂತೀರಾ? ನಮ್ಮೆಜಮಾನ್ರು ಹುರುಳಿಕಾಯಿ ಮುಟ್ಟಲ್ಲ."

"ನಾನು ಏನ್ ಹಾಕಿದ್ರೂ ತಿಂತೀನಿ ತಾಯಿ."

ಪಿಳ್ಳಮ್ಮ ಬಾಗಿಲು ಪೂರ್ತಿ ತೆರೆದರು.

ಬೀದರಿನ ರೊಟ್ಟಿ ಆ ದಿನ ಮೆಟ್ಟಿಲ ಮೇಲೆ ಖಾಲಿಯಾಯಿತು. ಅಕ್ತರ್ ಸಾಹೇಬರು ಆರು ತಿಂದರು. ನಾನು ಧೈರ್ಯಮಾಡಿ, ನಾವು ಜೇವರ್ಗಿಯವರು ಎಂದು ಅವರಿಗೆ ಹೇಳಿದೆ. "ಜೇವರ್ಗೀಲಿ ಏರ್‌ಪೋರ್ಟ್ ಇದ್ಯಾ?" ಎಂದು ಕೇಳಿದರು. ಇಲ್ಲವೆಂದೆ. "ಹಾಗಾದ್ರೆ ಸುಮ್ನಿರು," ಎಂದರು.

ಮಂಗಳವಾರ ಸಂಜೆ ಪಿಳ್ಳಮ್ಮ ನಮ್ಮ ಬಾಗಿಲಿಗೆ ಬಂದರು. ಇಷ್ಟು ಅರಳಿದ ಮುಖದಲ್ಲಿ ಅವರನ್ನು ನಾನು ನೋಡಿರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಗುಟ್ಟು ಹೇಳುವವರಂತೆ ದನಿ ತಗ್ಗಿಸಿದರು.

"ತಟ್ಟೆ ತಾನೇ ತೊಳೀತಾರೆ ಕಣೆ. ಬೆಳಿಗ್ಗೆ ಎದ್ದು ಚಾಪೆ ಸುತ್ತಿಡ್ತಾರೆ. ಟೀವಿ ಹಾಕ್ಬೋದಾ ತಾಯಿ ಅಂತ ಕೇಳ್ತಾರೆ. ನಿನ್ನೆ ಸಾರು ಉಂಡು ಏನಂದ್ರು ಗೊತ್ತಾ? ನಮ್ಮನೇಲೂ ಹಿಂಗೇ ಮಾಡ್ತಾರೆ ತಾಯಿ, ನಾನೇ ಯಾವತ್ತೂ ಬಾಯ್ಬಿಟ್ಟು ಹೇಳಿಲ್ಲ, ಅಂದ್ರು. ನಲವತ್ಮೂರು ವರ್ಷ ಆಯ್ತು ಮದ್ವೆ ಆಗಿ."

ಒಮ್ಮೆ ಮೆಟ್ಟಿಲ ಕಡೆ ತಿರುಗಿ ನೋಡಿಕೊಂಡರು.

"ಕ್ಯಾನಿನವನಿಗೆ ಫೋನ್ ಮಾಡಿ ನಾಳೆ ಬರ್ಬೇಡ ಅಂದಿದ್ದೀನಿ. ನಲ್ಲಿ ನೀರೇ ಕಾಯ್ಸಿ ಕುಡೀತೀವಿ. ಆದ್ರೆ ನಾನ್ ಹೇಳಿದ್ರೆ ಆ ಮನುಷ್ಯ ನಂಬಲ್ಲ. ಟವರ್‌ನೋಳು ನೀನೇ ಹೇಳ್ಬೇಕು."

ತಾರಸಿಗೆ ಹೋಗಿ ಏಣಿ ಹತ್ತಿದೆ. ಪಿಳ್ಳಮ್ಮ ಕೆಳಗೆ ನಿಂತರು. ಗುಂಡಿ ಒತ್ತಿದೆ.

"ಮರ್ಫಿ ಟೌನ್ ನಿಲ್ದಾಣ. ಇಂಧನ ನಾಳೆ ಬರಲ್ಲ ಸರ್."

ಕರ್ ಎಂದಿತು. "ಹೌದಾ? ಮತ್ಯಾವಾಗ ಮೇಡಂ?"

ಪಿಳ್ಳಮ್ಮನ ಕಡೆ ನೋಡಿದೆ. ಅವರು ಎರಡು ಬೆರಳು ಎತ್ತಿದರು. ಸ್ವಲ್ಪ ಯೋಚಿಸಿ ಮೂರನೆಯದನ್ನೂ ಎತ್ತಿದರು.

"ಶನಿವಾರ," ಎಂದೆ.

ವೆಂಕಟಸ್ವಾಮಿಯವರ ದನಿ ಬಂತು, ಪಕ್ಕದಲ್ಲಿ ಯಾರಿಗೂ ಕೇಳಿಸಬಾರದೆಂಬಷ್ಟು ಮೆಲ್ಲಗೆ.

"ರೋಜರ್. ಅವಸರ ಏನಿಲ್ಲ ಅಂತ ಹೇಳಿ ಮೇಡಂ. ಇಲ್ಲಿ ಊಟ ಚೆನ್ನಾಗಿದೆ."