ಎಣ್ಣೆ ಮಿಲ್ಲಿನ ಸ್ಕ್ರೂ ಹೇಳಲಾಗದ ಮಾತು

ನಾನು ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಸ್ಕ್ರೂ. ನಿಮ್ಮ ಕುರ್ಚಿಗೆ ತಿರುಪುವ ಪುಟಾಣಿಯಲ್ಲ. ತೊಡೆಯಷ್ಟು ದಪ್ಪ, ಮೈತುಂಬ ಸುರುಳಿ. ಹುಟ್ಟಿದ್ದು ಬೆಳಗಾವಿಯ ಫೌಂಡ್ರಿಯಲ್ಲಿ. ಶೇಂಗಾ ಬೀಜವನ್ನು ಒತ್ತಿ ಎಣ್ಣೆ ಇಳಿಸುವುದು ನನ್ನ ಕೆಲಸ. ಬೀಜದ ಜೊತೆ ಬರುವ ಮರಳು ನನ್ನ ಅಂಚನ್ನು ತಿನ್ನುತ್ತಿತ್ತು. ಸವೆದಾಗಲೆಲ್ಲ ಮಿಲ್ಲಿನ ಫಿಟ್ಟರ್ ಓಬಣ್ಣ ನನ್ನನ್ನು ಬುಡೇನ್ ಸಾಬರ ವೆಲ್ಡಿಂಗ್ ಶೆಡ್ಡಿಗೆ ಒಯ್ಯುತ್ತಿದ್ದ.

ಸಾಬರು ಮೊದಲೆಲ್ಲ ವೆಲ್ಡಿಂಗ್ ರಾಡ್ ಸುಟ್ಟೇ ನನ್ನ ಮೈ ತುಂಬುತ್ತಿದ್ದರು. ಕೂದಲು ನೆರೆತ ಮೇಲೆ ಲೋಹದ ಪುಡಿ ಕಾಯಿಸಿ ಮೆತ್ತುವ ಪ್ಲಾಸ್ಮಾ ಮಿಷನ್ನು ತಂದರು. ಆ ಹೊತ್ತಿಗೆ ಕೈ ಸಣ್ಣಗೆ ನಡುಗಲು ಶುರುವಾಗಿತ್ತು. ಎಲ್ಲಿ ಈ ಕೈ ಕೈಕೊಡುತ್ತದೋ ಎಂಬ ಅಂಜಿಕೆ ಅವರಿಗೆ ಒಳಗೊಳಗೇ ಇತ್ತು.

"ಇದ್ರಲ್ಲಿ ಎರಡು ಥರ ಐತೆ ಓಬಣ್ಣ," ಅಂದರು. "ಒಂದ್ರಲ್ಲಿ ಕಿಡಿ ನಳಿಗೆ ಒಳಗೇ ಉಳೀತದೆ, ಬಿಸಿ ಗಾಳಿ ಪುಡೀನ ಎರಚ್ತದೆ. ಅದು ಬಣ್ಣ ಬಳಿದಂಗೆ, ಒತ್ತಡ ಬಿದ್ರೆ ಎದ್ದೋಗ್ತದೆ. ಇನ್ನೊಂದ್ರಲ್ಲಿ ಕಿಡಿ ಕಬ್ಬಿಣಕ್ಕೇ ಹಾಯ್ತದೆ. ಮೈ ಒಂಚೂರು ಕರಗಿ ಪುಡಿ ಬೆಸ್ಕೊಂತದೆ. ನಿನ್ ಸ್ಕ್ರೂಗೆ ಇದೇ ಸರಿ."

ಉಸಿರು ಬಿಗಿಹಿಡಿದು ಅವರು ಮಾಡಿದ ಆ ಕೆಲಸದಷ್ಟು ಚೆಂದದ್ದನ್ನು ನಾನು ಕಂಡಿಲ್ಲ. ಹೆಚ್ಚು ಕರಗಿಸಿದ್ದರೆ ಗಟ್ಟಿತನ ಹೋಗುತ್ತಿತ್ತು, ಕಡಿಮೆಯಾಗಿದ್ದರೆ ಹಿಡಿಯುತ್ತಿರಲಿಲ್ಲ. ಎರಡೂ ಆಗಲಿಲ್ಲ. ನನ್ನನ್ನು ಬೂದಿ ತುಂಬಿದ ಡಬ್ಬದಲ್ಲಿ ಹೂತು, "ತಾನಾಗೇ ಆರ್ಲಿ, ನಾಳೆ ತಗೊಂಡೋಗು" ಅಂದು ಊಟಕ್ಕೆ ಹೋದರು.

ಆದರೆ ಅಂದು ಆಯುಧಪೂಜೆ. ನಾನಿಲ್ಲದೆ ಪೂಜೆಯೇ ಎಂದು ಓಬಣ್ಣ ಡಬ್ಬದ ಸಮೇತ ನನ್ನನ್ನು ಮಿಲ್ಲಿಗೆ ಹೊತ್ತೊಯ್ದ. ಬೂದಿ ಕೊಡವಿದ, ಕುಂಕುಮ ಇಟ್ಟ, ಕಾಯಿ ಒಡೆದು ಅದರ ನೀರನ್ನೆಲ್ಲ ನನ್ನ ಮೇಲೇ ಸುರಿದ. ಇನ್ನೂ ಆರದ ನನ್ನ ಮೈ ಚುಂಯ್ ಎಂದಿತು. "ಅಮ್ಮ ಒಲಿದ್ಲು ಕಣ್ರೋ!" ಎಂದು ಕೈಮುಗಿದ. ಆ ಕ್ಷಣವೇ ನನ್ನ ಹೊಸ ಮೈ ಬಿರುಕು ಬಿಟ್ಟಿತು. ಜಾಗಟೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ಹಬ್ಬ ಮುಗಿದು ಮಿಲ್ಲು ಶುರುವಾದ ದಿನವೇ ಚಕ್ಕೆ ಎದ್ದು ಒಳಗೆ ಸಿಕ್ಕಿಕೊಂಡಿತು. ಯಜಮಾನರು ಎಲ್ಲರೆದುರು ಬೈದರು. ಓಬಣ್ಣ ಕೆಂಡವಾಗಿ ಶೆಡ್ಡಿಗೆ ಬಂದು ನನ್ನನ್ನು ಸಾಬರ ಕಾಲ ಬಳಿ ಉರುಳಿಸಿದ.

"ನಿಮ್ ಕೈ ಕೆಟ್ಟೋಗೈತೆ ಸಾಬ್ರೇ. ಸುಮ್ನೆ ಮನೇಲಿರ್ರಿ."

ಸಾಬರು ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಬೂದಿಯಲ್ಲೇ ಆರಿದೆನೆಂದು ನಂಬಿದ್ದ ಅವರು ಕೈಯನ್ನೊಮ್ಮೆ ನೋಡಿಕೊಂಡು, "ಹೌದಪ್ಪ" ಅಂದುಬಿಟ್ಟರು. ಮಿಷನ್ನಿಗೆ ಗೋಣಿ ಹೊದಿಸಿದರು. ಈಗ ಗೇಟು, ಕಿಟಕಿ ಸರಳು ಮಾತ್ರ ಬೆಸೆಯುತ್ತಾರೆ.

ನಾನು ಅವರ ಶೆಡ್ಡಿನ ಬಾಗಿಲು ಮುಚ್ಚದಂತೆ ಒತ್ತಾಗಿ ಬಿದ್ದಿದ್ದೇನೆ. ಕೆಲಸವಿಲ್ಲದಾಗ ಅವರು ಪಕ್ಕ ಕೂತು ಬಿರುಕಿನ ಮೇಲೆ ಹೆಬ್ಬೆರಳಾಡಿಸುತ್ತಾರೆ. "ಎಲ್ಲಿ ತಪ್ಪಿದ್ನೋ" ಅನ್ನುತ್ತಾರೆ. ಬಿರುಕಿನ ತಳದಲ್ಲಿ ಆ ದಿನದ ಕುಂಕುಮ ಇನ್ನೂ ಒಂದಿಷ್ಟು ಉಳಿದಿದೆ. ಅದನ್ನು ಅವರು ತುಕ್ಕು ಅಂದುಕೊಂಡು ಉಗುರಿನಿಂದ ಕೆರೆಯುತ್ತಾರೆ.