ಟಗರುಕೊಂಬಿನ ಸೈಕಲ್ಲಿನ ಹಲ್ಲುಗಳು

ಏಳು ಕೆರೆ, ಏಳು ಕಟ್ಟೆ ದಾಟಿದರೆ ಒಂದು ಊರಿತ್ತಂತೆ. ಆ ಊರಲ್ಲಿ ಟಗರಿನ ಕೊಂಬಿದ್ದ ಒಂದು ಕುದುರೆ ಇತ್ತಂತೆ. ಅದರ ಹಲ್ಲೆಲ್ಲ ಹಿಂದುಗಡೆ ಇದ್ದವಂತೆ.

ನಮ್ಮಜ್ಜಿ ಗಿಡ್ಡಮ್ಮ ನನ್ನ ಸೈಕಲ್ಲಿನ ಕಥೆಯನ್ನು ಹೀಗೆ ಶುರು ಮಾಡುತ್ತಿದ್ದಳು. ಊರು ಜಗಳೂರು ತಾಲ್ಲೂಕಿನ ಸೊಕ್ಕೆ. ಕೆರೆಗಳ ಲೆಕ್ಕ ಅಜ್ಜಿಯದು.

ಕುದುರೆಯನ್ನು ತಂದವನು ನಮ್ಮಪ್ಪ ಬೀರಲಿಂಗಪ್ಪ. ಚನ್ನಗಿರಿ ಕಡೆ ಚಾನಲ್ ಕೆಲಸದ ಕ್ಯಾಂಪಿನಲ್ಲಿ ಅವನು ಕಾವಲಿಗಿದ್ದಾಗ, ದೇಶಕ್ಕೆ ಹೊರಟ ಬಿಳಿ ಇಂಜಿನಿಯರೊಬ್ಬ ತನ್ನ ಹಳೇ ರೇಸ್ ಸೈಕಲ್ಲನ್ನೂ ಅದರ ಸಣ್ಣಪುಟ್ಟ ಸಾಮಾನುಗಳನ್ನೂ ಕೊಟ್ಟು ಹೋಗಿದ್ದ. ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುರುಳಿ. ಹಿಂದಿನ ಗಾಲಿಗೆ ಒಂದಕ್ಕೊಂದು ಅಂಟಿಕೊಂಡ ಐದು ಹಲ್ಲುಚಕ್ರ, ದೊಡ್ಡದರಿಂದ ಚಿಕ್ಕದಕ್ಕೆ. ೧೯೭೫ರ ಆಯುಧಪೂಜೆಯ ದಿನ ಅಪ್ಪ ಎಲ್ಲಕ್ಕೂ ಕುಂಕುಮ ಹಚ್ಚಿದ. ಹದಿನೈದು ದಿನಕ್ಕೆ ಜ್ವರ ಬಂದು ತೀರಿಕೊಂಡ.

ಒಂಬತ್ತು ವರ್ಷದ ಮೇಲೆ ನನಗೆ ಟಪಾಲು ಚೀಲ ಒಯ್ಯುವ ಕೆಲಸ ಸಿಕ್ಕಿತು. ಸೊಕ್ಕೆಯ ಚೀಲವನ್ನು ಜಗಳೂರಿಗೆ ಒಯ್ದು ಬೆಳಗಿನ ಬಸ್ಸಿಗೆ ಹಾಕಬೇಕು. ನಾಟಿ ಹೆಂಗಸರ ಹಾಗೆ ಸೀರೆಗೆ ಕಚ್ಚೆ ಹಾಕಿಕೊಂಡು ಅಪ್ಪನ ಸೈಕಲ್ ಹತ್ತಿದೆ. ಜನ ಒಂದು ತಿಂಗಳು ನಿಂತು ನೋಡಿದರು. ಆಮೇಲೆ ಅವರಿಗೂ ಬೇಜಾರಾಯಿತು.

ಎರಡು ಸಲ ಬಸ್ಸು ತಪ್ಪಿತು. ಎರಡು ಸಲವೂ ‘ಏರಿನಲ್ಲಿ ಚೈನು ಜಾರಿತು’ ಎಂದು ಕಾರಣ ಬರೆದುಕೊಟ್ಟೆ. ಮೂರನೇ ಸಲ ಕಾರಣ ಕೇಳುವುದಿಲ್ಲ, ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದರು ಟಪಾಲು ಕಚೇರಿಯವರು.

ಎರಡನೇ ಸಲ ತಪ್ಪಿದ್ದು ಜಗಳೂರಿನ ಸೈಕಲ್ ಶಾಪಿನ ಅಲ್ಲಾಬಕ್ಷನಿಂದ. ಚೈನು ಸವೆದಿದೆ ಎಂದು ಅವನು ಹೊಸದು ಹಾಕಿದ್ದ. ಅದು ಹಳೆಯದಕ್ಕಿಂತ ಹೆಚ್ಚು ಜಾರಿತು. ಅವನು ಗಾಲಿ ಬಿಚ್ಚಿ ನೋಡಿದ. ಐದೂ ಚಕ್ರದ ಹಲ್ಲುಗಳು ಸವೆದು ಜಾಲಿಮುಳ್ಳಿನ ಹಾಗೆ ಒಂದೇ ಕಡೆಗೆ ಬಾಗಿದ್ದವು.

“ಹಳೇ ಹಲ್ಲಿನ ಮ್ಯಾಲೆ ಹೊಸ ಚೈನು ಕೂರಂಗಿಲ್ಲ, ಪೋಸ್ಟಮ್ಮ. ತಪ್ಪು ನಂದು. ಅಮಾಸೆ ಒಳಗೆ ಹಲ್ಲು ಬದಲಿಸಿ ಕೊಡ್ತೀನಿ,” ಎಂದ.

ಅಜ್ಜಿಯ ಕಥೆಗಳಲ್ಲಿ ರಾಜಕುಮಾರ ಮೂರು ಊರು ಅಲೆಯುತ್ತಾನೆ. ಅಲ್ಲಾಬಕ್ಷನೂ ಅಲೆದ. ಚನ್ನಗಿರಿಯಲ್ಲಿ ಒಂಟಿ ಚಕ್ರ ತೋರಿಸಿ, ಮಿಕ್ಕ ನಾಲ್ಕು ಬರೀ ಶೋಕಿಗೆ ಎಂದರಂತೆ. ಹೊನ್ನಾಳಿಯಲ್ಲಿ, ಇದು ಸೈಕಲ್ಲಿನದಲ್ಲ, ಕಬ್ಬಿನ ಗಾಣದ್ದು ಎಂದರಂತೆ. ನ್ಯಾಮತಿಯಲ್ಲಿ ಟೀ ಕುಡಿಸಿ, ಸಿಕ್ಕರೆ ತಮಗೂ ಒಂದು ತರಲು ಹೇಳಿದರಂತೆ. ಅಷ್ಟರಲ್ಲಿ ನಾನು ಏರಿನಲ್ಲಿ ಸೈಕಲ್ ತಳ್ಳಿಕೊಂಡು ಓಡಿ, ಹೊರಟ ಬಸ್ಸಿನೊಳಕ್ಕೆ ಚೀಲ ಎಸೆಯುವುದನ್ನು ಕಲಿತಿದ್ದೆ. ಸೋಮವಾರದಿಂದ ಬಸ್ಸು ಕಾಲು ಗಂಟೆ ಮೊದಲೇ ಹೊರಡುತ್ತದೆ ಎಂದು ಬೋರ್ಡು ಹಾಕಿದರು. ಸೋಮವಾರವೇ ಅಮಾವಾಸ್ಯೆ.

ಭಾನುವಾರ ಬೆಳಿಗ್ಗೆ ಅಲ್ಲಾಬಕ್ಷ ನಮ್ಮ ಮನೆಗೆ ಬಂದ. ಹಳೇ ಹಲ್ಲು ಬಿಚ್ಚಲು ಎಂಟು ದಿನ ಅರ ತಿಕ್ಕಿ ಮಾಡಿದ ಕಬ್ಬಿಣದ ಕೀಲಿ ಅವನ ಕೈಯಲ್ಲಿತ್ತು. ಬಿಚ್ಚುವುದಕ್ಕೆ ಸಿದ್ಧ, ಹಾಕುವುದಕ್ಕೆ ಹಲ್ಲಿಲ್ಲ ಎಂದು ಹೇಳಿ ಕಟ್ಟೆಯ ಮೇಲೆ ಕೂತು ನೀರು ಕೇಳಿದ. ಕುಡಿಯುತ್ತ ಬಾಗಿಲಿನಿಂದ ಒಳಗೆ ನೋಡಿದವನು ಲೋಟ ಕೆಳಗಿಟ್ಟ.

“ಅಜ್ಜಿ, ಗೂಡಿನಾಗೆ ಕುಂತಿರೋ ದೇವರು ಯಾವುದು?”

“ಚಕ್ರದವ್ವ ಕಣಪ್ಪ. ನನ್ನ ಮಗ ಇಟ್ಟು ಹೋದದ್ದು.”

“ಎಷ್ಟು ಹಲ್ಲು ಐತೆ ಅದಕ್ಕೆ?”

ಅಜ್ಜಿ ಎಣಿಸಿರಲಿಲ್ಲ. ಇಂಜಿನಿಯರು ಕೊಟ್ಟ ಆ ಸಾಮಾನನ್ನು ಅಪ್ಪ ಆಯುಧಪೂಜೆಗೆ ಇಟ್ಟು, ತೆಗೆಯುವ ಮೊದಲೇ ಜ್ವರದಿಂದ ಮಲಗಿದ್ದ. ಅವನು ಇಟ್ಟದ್ದನ್ನು ಅಜ್ಜಿ ಅಲ್ಲಾಡಿಸಲಿಲ್ಲ. ಒಂಬತ್ತು ವರ್ಷದ ಎಣ್ಣೆ, ಕುಂಕುಮ, ವಿಭೂತಿ ಮೆತ್ತಿಕೊಂಡು ಅದಕ್ಕೆ ದಪ್ಪ ಮುಖ ಬಂದಿತ್ತು. ನಾನು ದಿನಾ ಅದಕ್ಕೆ ಕೈಮುಗಿದು, ಸೈಕಲ್ಲಿಗೆ ಹಲ್ಲು ಸಿಗಲವ್ವಾ ಎಂದು ಬೇಡಿಕೊಂಡು ಕೆಲಸಕ್ಕೆ ಹೊರಡುತ್ತಿದ್ದೆ.

ಇದು ಈ ಸೈಕಲ್ಲಿನದೇ ಹೊಸ ಹಲ್ಲು, ಕೊಡ್ತೀರಾ ಎಂದು ಅಲ್ಲಾಬಕ್ಷ ಕೇಳಿದ. ಹೂ ಕೇಳಬೇಕು ಎಂದಳು ಅಜ್ಜಿ. ಬಿಳಿ ಕಣಗಿಲೆ ಹೂವನ್ನು ಚಕ್ರದವ್ವನ ನೆತ್ತಿಯ ಮೇಲಿಟ್ಟಳು. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಮೂವರೂ ಕೂತೆವು. ಹೂವು ಎರಡು ಹಲ್ಲಿನ ನಡುವೆ ಎಣ್ಣೆಜಿಡ್ಡಿಗೆ ಅಂಟಿಕೊಂಡಿತ್ತು. ಅಲ್ಲಾಬಕ್ಷ ಎರಡನೇ ಲೋಟ ನೀರು ಕುಡಿದ. ಒಲೆಯ ಮೇಲಿನ ಬೇಳೆ ಬೆಂದಿತು. ಕೊನೆಗೆ ಹೂವು ಬಿತ್ತು.

ಎಡಕ್ಕೆ ಬಿತ್ತು.

ನಾನು ಎದ್ದು ಬೇಳೆ ಇಳಿಸಲು ಹೋದೆ. ಸೋಮವಾರದ ಚೀಲವನ್ನು ಬೇರೆ ಯಾರೋ ಹೊತ್ತು ಹೋಗುವುದು ಕಣ್ಣಿಗೆ ಕಂಡಿತು. ಹಿಂದಿನಿಂದ ಅಜ್ಜಿ ಹೇಳಿದಳು:

“ನಮಗೆ ಅದು ಎಡ. ಅವಳು ನಮ್ಮ ಕಡೆ ಮುಖ ಮಾಡಿ ಕುಂತಾಳೆ. ಅವಳಿಗೆ ಅದು ಬಲ. ಅಪ್ಪಣೆ ಆತು, ತಗಳ್ರಿ.”

ಆ ಗೂಡಿನ ಮುಂದೆ ಊರಿನ ಹೆಂಗಸರು ಒಂಬತ್ತು ವರ್ಷ ಹೂ ಕೇಳಿದ್ದರು. ಮದುವೆ ಗೊತ್ತು ಮಾಡಿದ್ದರು, ಬಾವಿ ತೋಡಿಸಿದ್ದರು, ಎಲ್ಲ ನಮ್ಮ ಬಲ ನೋಡಿ. ಆ ವಿಷಯ ಈಗ ಎತ್ತುವುದು ಬೇಡವೆಂದು ಬೇಳೆ ಇಳಿಸಿದೆ.

“ಗೂಡು ಬರಿದು ಬಿಡಬಾರದು,” ಎಂದಳು ಅಜ್ಜಿ. “ಬಿಚ್ಚಿದ್ದನ್ನ ತಂದಿಡು. ಅದನ್ನ ನನ್ನ ಮಗ ತುಳಿದಾನೆ.”

ಕಮ್ಮಾರನ ಕುಲುಮೆಯಲ್ಲಿ ಅಲ್ಲಾಬಕ್ಷ ಕೀಲಿಯನ್ನು ವೈಸಿನ ದವಡೆಯಲ್ಲಿ ಬಿಗಿದ. ಗಾಲಿಯನ್ನು ಅದರ ಮೇಲೆ ಮಲಗಿಸಿ ಇಬ್ಬರೂ ಎಡಕ್ಕೆ ತಿರುಗಿಸಿದೆವು. ಮೂರನೇ ಎಳೆತಕ್ಕೆ ಹಳೇ ಹಲ್ಲು ಸಡಿಲವಾಯಿತು. ಚಕ್ರದವ್ವನನ್ನು ಸೀಮೆಎಣ್ಣೆಯಲ್ಲಿ ಅದ್ದಿದಾಗ ಬಾಂಡ್ಲಿ ಕೆಂಪಗಾಯಿತು, ಒಳಗಿನಿಂದ ಹೊಸ ಉಕ್ಕು ಹೊಳೆಯಿತು. ಕೈಯಲ್ಲಿ ತಿರುವಿದರೆ ಟಿಕಟಿಕ ಎಂದಿತು. ಇಷ್ಟು ವರ್ಷ ಮಾತಾಡಿರಲಿಲ್ಲ. ಸಂಜೆಯೊಳಗೆ ಅದು ಗಾಲಿಗೆ ಕೂತಿತು. ಸವೆದದ್ದು ಗೂಡಿಗೆ ಹೋಗಿ ಕುಂಕುಮ ಹಚ್ಚಿಸಿಕೊಂಡಿತು.

ಸೋಮವಾರ ಏರಿನಲ್ಲಿ ದೊಡ್ಡ ಚಕ್ರಕ್ಕೆ ಚೈನು ಹಾಕಿ ತುಳಿದೆ. ಜಾರಲಿಲ್ಲ. ಜಗಳೂರಿನಲ್ಲಿ ಬಸ್ಸು ನಿಂತೇ ಇತ್ತು. ಚೀಲದ ಮೇಲೆ ಕೆಂಪು ಹನಿ ಸಿಡಿದದ್ದು ನೋಡಿ ಕಂಡಕ್ಟರು, ಯಾವ ದೇವರಿಗೆ ಹೋಗಿ ಬಂದೆಯಮ್ಮಾ ಎಂದು ಕೇಳಿದ. ಹೋಗಿಲ್ಲ, ಅವ್ವನನ್ನೇ ಜೊತೆಗೆ ಕರೆದುಕೊಂಡು ಬಂದೆ ಎಂದು ಹೇಳಿ ಚೀಲ ಅವನ ಕೈಗೆ ಕೊಟ್ಟೆ.